ಪಂಪ್ ಶೆಡ್ಡಿನ ಶಟರ್ ಮೇಲೊಂದು ಕಿಂಡಿ

ನಮ್ಮ ತೋಟದ ಪಂಪ್ ಶೆಡ್ಡಿಗೆ ಎರಡು ಬೀಗ. ಶಟರಿಗೆ ಒಂದು, ಒಳಗಿನ ಸ್ಟಾರ್ಟರ್ ಪೆಟ್ಟಿಗೆಗೆ ಒಂದು. ಇಷ್ಟೆಲ್ಲ ಭದ್ರ ಮಾಡಿ, ಶಟರಿನ ನೆತ್ತಿಯ ಮೇಲೆ ಒಂದಡಿ ಅಗಲ, ನಾಲ್ಕಿಂಚು ಎತ್ತರದ ಕಿಂಡಿಯೊಂದನ್ನು ಕೊರೆಸಿ ಹಾಗೇ ತೆರೆದು ಬಿಟ್ಟಿದ್ದೇವೆ. ಹೊಸಬರು ಯಾರೇ ಬಂದರೂ ಮೊದಲು ಕೇಳುವುದು ಅದನ್ನೇ. "ಇದ್ಯಾಕೆ ಹೀಗೆ ಬಿಟ್ಟಿದ್ದೀರಿ? ಮಳೆ ಒಳಗೆ ಹೊಡೆಯಲ್ವಾ?" ಹೊಡೆಯುತ್ತದೆ. ಸೋಮವಾರಪೇಟೆ ಕಡೆಯ ಮಳೆ ಕಂಡವರಿಗೆ ಅದು ಎಷ್ಟು ಹೊಡೆಯುತ್ತದೆ ಅಂತಲೂ ಗೊತ್ತು. ಆದರೂ ಆ ಕಿಂಡಿ ಅಲ್ಲೇ ಇರಬೇಕು. ಅದು ಪಂಪ್ ಗುಬ್ಬಿಯ ಬಾಗಿಲು.

ಪಂಪ್ ಗುಬ್ಬಿ ಅನ್ನೋದು ನಮ್ಮ ಮನೆಯೊಳಗಿನ ಹೆಸರು. ಕನ್ನಡದಲ್ಲಿ ಈ ಬಳಗದ ಹಕ್ಕಿಗಳನ್ನು ಅಂಬರಗುಬ್ಬಿ ಅಂತಲೋ ಕವಲುತೋಕೆ ಅಂತಲೋ ಕರೆಯುತ್ತಾರೆ. ಎರಡೂ ಒಳ್ಳೆಯ ಹೆಸರೇ. ಆದರೆ ಅಪ್ಪ ಪಂಪ್ ಗುಬ್ಬಿ ಅಂದರು, ನಾವೂ ಅಂದೆವು. ಐದಿಂಚಿನ ಪುಟ್ಟ ಹಕ್ಕಿ. ಬೆನ್ನು ಕಪ್ಪು ಅನ್ನಿಸುತ್ತದೆ, ಬಿಸಿಲು ಬಿದ್ದಾಗ ಮಾತ್ರ ಹೊಳೆಯುವ ನೀಲಿ. ಹಣೆ, ಗಂಟಲು ಇಟ್ಟಿಗೆ ಕೆಂಪು. ಹೊಟ್ಟೆ ಒಗೆದು ಮಾಸಿದ ಬಟ್ಟೆಯ ಬೂದು. ಇಂಗ್ಲಿಷಿನಲ್ಲಿ ಹಿಲ್ ಸ್ವಾಲೋ. ಪಶ್ಚಿಮ ಘಟ್ಟದ ಎತ್ತರದ ಊರುಗಳಲ್ಲಿ, ನೀಲಗಿರಿಯಲ್ಲಿ, ಶ್ರೀಲಂಕಾದ ಬೆಟ್ಟಗಳಲ್ಲಿ ಇರುವ ಹಕ್ಕಿ ಇದು.

ಚಳಿಗಾಲದಲ್ಲಿ ಇದನ್ನೇ ಹೋಲುವ ಇನ್ನೊಂದು ಅಂಬರಗುಬ್ಬಿ ಹಿಂಡು ಹಿಂಡಾಗಿ ಬಂದು ಗದ್ದೆ ಬಯಲಿನ ತಂತಿಗಳ ಮೇಲೆ ಸಾಲಾಗಿ ಕೂರುತ್ತದೆ. ಅದರ ಕೆಂಪು ಗಂಟಲಿನ ಕೆಳಗೆ ಕಪ್ಪು ಪಟ್ಟಿ ಇದೆ, ಬಾಲದ ತುದಿಯಲ್ಲಿ ಎರಡು ಉದ್ದ ಎಳೆಗಳಿವೆ. ಅದು ಉತ್ತರದಿಂದ ಬರುವ ನೆಂಟ. ಹಿಮಾಲಯ ಮತ್ತು ಅದರಾಚೆ ಮರಿ ಮಾಡಿ ಸೆಪ್ಟೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತದೆ, ಏಪ್ರಿಲ್‌ನಲ್ಲಿ ಹೊರಡುತ್ತದೆ. ನಮ್ಮ ಪಂಪ್ ಗುಬ್ಬಿಗೆ ಆ ಪಟ್ಟಿಯೂ ಇಲ್ಲ, ಎಳೆಯೂ ಇಲ್ಲ. ಅದು ಇಲ್ಲಿಯದೇ. ನಮ್ಮ ಬೇಸಿಗೆಯಲ್ಲೇ ಗೂಡು ಕಟ್ಟುತ್ತದೆ, ಅದೂ ಸಾಧ್ಯವಾದರೆ ನಮ್ಮದೇ ಸೂರಿನ ಕೆಳಗೆ.

1840ರ ದಶಕದಲ್ಲಿ ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜರ್ಡನ್ ಈ ಹಕ್ಕಿಗೆ ಇಟ್ಟ ವೈಜ್ಞಾನಿಕ ಹೆಸರು ಹಿರುಂಡೋ ಡೊಮಿಕೋಲ. ಡೊಮಿಕೋಲ ಅಂದರೆ ಮನೆಯಲ್ಲಿ ವಾಸ ಮಾಡುವುದು ಅಂತ ಅರ್ಥ. ಬೆಟ್ಟದ ಬಂಗಲೆಗಳ ಜಗಲಿ, ಹೊರಮನೆಗಳಲ್ಲಿ ಗೂಡು ಕಟ್ಟುವ ಹಕ್ಕಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ಈ ಹೆಸರು ಗೊತ್ತಾದ ದಿನ ಮಾತ್ರ ನನಗೆ ಖುಷಿಗಿಂತ ಸಂಕಟವೇ ಜಾಸ್ತಿಯಾಯಿತು. ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಅದನ್ನು ಮನೆಯಿಂದ ಹೊರಗೆ ಹಾಕಿ ಆಗಿತ್ತು.

ಹಳೇ ಶೆಡ್ಡನ್ನು ಅಪ್ಪ ಕಟ್ಟಿಸಿದ್ದು ನಾನು ಹುಟ್ಟುವ ಮೊದಲು. ಕೆರೆ ಏರಿಯ ಕೆಳಗೆ, ಕಾಡುಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಬಾಗಿಲು ಹೆಸರಿಗೆ ಮಾತ್ರ. ಹಲಗೆ ಹಲಗೆ ನಡುವೆ ಕೈ ತೂರುವಷ್ಟು ಸಂದಿ. ಗೋಡೆಗೂ ಮಾಡಿಗೂ ನಡುವೆ ಸುತ್ತಲೂ ಗೇಣುದ್ದ ತೆರಪು. ಒಳಗೆ ಡೀಸೆಲ್ ಪಂಪ್‌ಸೆಟ್ಟು, ಅದರ ಹೊಗೆ ಕೊಳವೆ ಗೋಡೆಯಾಚೆ. ಮೇಲೆ ಮರದ ತೊಲೆ, ಹೊಗೆ ಹಿಡಿದು ಕಪ್ಪಾಗಿದ್ದ ತೊಲೆ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಮಣ್ಣಿನ ಅರ್ಧ ಬಟ್ಟಲು. ನಾನು ಚಿಕ್ಕವನಿದ್ದಾಗಿನಿಂದ ಆ ಬಟ್ಟಲು ಅಲ್ಲೇ ಇತ್ತು. ಪ್ರತಿ ಬೇಸಿಗೆ ಅದರ ಅಂಚಿಗೆ ಒಂದು ಸುತ್ತು ಹೊಸ ಮಣ್ಣು ಸೇರುತ್ತಿತ್ತು. ಹಳೆಯದು ಒಣಗಿದ ಬೂದು, ಹೊಸದು ಹಸಿ ಕೆಂಪು.

ಕಾಫಿ ತೋಟದವರಿಗೆ ಶಿವರಾತ್ರಿಯ ಆಸುಪಾಸು ಬಹಳ ಮುಖ್ಯ. ರೊಬಸ್ಟಾ ಕೊಯ್ಲು ಮುಗಿದು ಗಿಡ ಮೊಗ್ಗು ಹಿಡಿದು ನಿಂತಿರುತ್ತದೆ. ಹೂಮಳೆ ಬಂದರೆ ಸರಿ, ಬರದಿದ್ದರೆ ಕೆರೆ ನೀರೇ ಗತಿ. ಸ್ಪ್ರಿಂಕ್ಲರ್ ಪೈಪು ಜೋಡಿಸಿ, ಪಂಪ್ ಹಚ್ಚಿ, ಒಂದೊಂದು ಜಾಗಕ್ಕೂ ಗಂಟೆಗಟ್ಟಲೆ ನೀರು ಹಾರಿಸಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಮತ್ತೆ ಎರಡು ಮೂರು ವಾರಕ್ಕೆ ಇನ್ನೊಂದು ನೀರು, ಅದಕ್ಕೆ ಬ್ಯಾಕಿಂಗ್ ಅಂತೀವಿ. ಅಂದರೆ ಆ ಶೆಡ್ಡಿನಲ್ಲಿ ವರ್ಷದಲ್ಲೇ ಜಾಸ್ತಿ ಗದ್ದಲ ನಡೆಯುವ ಕಾಲವೂ ಪಂಪ್ ಗುಬ್ಬಿ ಗೂಡು ಕಟ್ಟುವ ಕಾಲವೂ ಒಂದೇ. ಡೀಸೆಲ್ ಎಂಜಿನ್ನು ಗುಡುಗುಡು ಅನ್ನುತ್ತಿದ್ದರೆ ನೆಲ ಅದುರುತ್ತಿತ್ತು, ಪಕ್ಕದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ. ಆ ಹಕ್ಕಿ ಮಾತ್ರ ಕಾವಿಗೆ ಕೂತದ್ದು ಕೂತಂತೆಯೇ ಇರುತ್ತಿತ್ತು. ಬಟ್ಟಲಿನ ಅಂಚಿನ ಮೇಲೆ ಕೆಂಪು ಗಂಟಲು ಒಂದು ಕಡೆ, ಬಾಲ ಇನ್ನೊಂದು ಕಡೆ.

ಅಪ್ಪ ಪ್ರತಿ ವರ್ಷ ಪಂಪ್ ಹಚ್ಚಿ ಬಂದ ಹುಡುಗನನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. "ನೀರು ಎಷ್ಟಿದೆ? ಪಂಪ್ ಗುಬ್ಬಿ ಬಂತಾ?"

2015ರಲ್ಲಿ ನಮ್ಮ ಕಡೆ ಪಂಪ್‌ಸೆಟ್ ಕಳ್ಳತನ ಜಾಸ್ತಿಯಾಯಿತು. ನಮ್ಮದೂ ಹೋಯಿತು. ತಾಮ್ರದ ಕೇಬಲ್ಲು, ಸ್ಟಾರ್ಟರ್ ಎಲ್ಲ. ಹೆಂಚು ತೆಗೆದು ಮೇಲಿನಿಂದ ಇಳಿದಿದ್ದರು. ಆ ಸಿಟ್ಟಿನಲ್ಲೇ ನಾನು ಹಳೇ ಶೆಡ್ಡು ಬಿಚ್ಚಿಸಿ ಹೊಸದು ಕಟ್ಟಿಸಿದೆ. ಸಿಮೆಂಟ್ ಇಟ್ಟಿಗೆ ಗೋಡೆ, ಕಬ್ಬಿಣದ ಆಂಗಲ್, ಮೇಲೆ ಬಣ್ಣದ ಶೀಟು, ಮುಂದೆ ರೋಲಿಂಗ್ ಶಟರ್. ಶೀಟಿಗೂ ಗೋಡೆಗೂ ನಡುವಿನ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ. ಒಂದು ಇಲಿ ಕೂಡ ನುಗ್ಗಬಾರದು ಅಂತ ಮೇಸ್ತ್ರಿಗೆ ಹೇಳಿದ್ದು ನಾನೇ. ತೊಲೆ ಬಿಚ್ಚುವಾಗ ಗೂಡು ಒಡೆಯಿತು. ಖಾಲಿ ಗೂಡು, ಮಳೆಗಾಲ ಮುಗಿದಿತ್ತು. ಬಂದರೆ ಮತ್ತೆ ಕಟ್ಟಿಕೊಳ್ಳುತ್ತವೆ ಬಿಡು ಅಂದುಕೊಂಡೆ. ಎಲ್ಲಿಂದ ಒಳಗೆ ಬರುತ್ತವೆ ಅನ್ನುವ ಯೋಚನೆ ಹೊಳೆಯಲೇ ಇಲ್ಲ.

ಮುಂದಿನ ಫೆಬ್ರವರಿಯ ಒಂದು ಬೆಳಿಗ್ಗೆ ನೆನಪಿದೆ. ಶಟರ್ ಎತ್ತಲು ಹೋದಾಗ ಎರಡು ಹಕ್ಕಿಗಳು ಶೆಡ್ಡಿನ ಮುಂದೆ ಹಾರಾಡುತ್ತಿದ್ದವು. ಕೆರೆಯ ಕಡೆಯಿಂದ ನೇರ ಬರುವುದು, ಶಟರಿನ ಮುಂದೆ ಒಂದು ಗಳಿಗೆ ರೆಕ್ಕೆ ಬಡಿಯುತ್ತಾ ನಿಲ್ಲುವುದು, ತಿರುಗಿ ಹೋಗುವುದು. ಮತ್ತೆ ಬರುವುದು. ಹಳೇ ಬಾಗಿಲಿನ ಮೇಲ್ಭಾಗದ ಸಂದಿ ಎಷ್ಟು ಎತ್ತರದಲ್ಲಿತ್ತೋ ಸರಿಯಾಗಿ ಅದೇ ಎತ್ತರಕ್ಕೆ ಬಂದು ನಿಲ್ಲುತ್ತಿದ್ದವು. ನಾನು ಶಟರ್ ಎತ್ತಿದೆ. ಒಂದು ಒಳಗೆ ಹೋಯಿತು, ಒಂದು ಸುತ್ತು ಹಾಕಿತು, ಹೊರಗೆ ಬಂತು. ಸಂಜೆ ಕೆಲಸ ಮುಗಿಸಿ ಶಟರ್ ಇಳಿಸಬೇಕಾಯಿತು. ನಾಲ್ಕೈದು ದಿನ ಹೀಗೆ ನಡೆದು ಆಮೇಲೆ ಅವು ಬರಲಿಲ್ಲ.

ಅಪ್ಪ ಆ ವರ್ಷವೂ ಕೇಳಿದರು. ಇಲ್ಲ ಅಂದೆ. "ಹೌದಾ" ಅಂದರು, ಅಷ್ಟೇ.

ಇದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಈ ಹಕ್ಕಿಗಳ ಬಳಗ ಮೊದಲು ಗೂಡು ಕಟ್ಟುತ್ತಿದ್ದದ್ದು ಬಂಡೆಯ ಚಾಚು, ಗುಹೆಯ ಬಾಯಿ, ಹೊಳೆದಂಡೆಯ ಕೊರಕಲುಗಳಲ್ಲಿ. ಮನುಷ್ಯ ಮಾಡು ಕಟ್ಟಿದ ಮೇಲೆ ಅವಕ್ಕೆ ಅದೂ ಒಂದು ಬಂಡೆಯ ಹಾಗೇ ಕಂಡಿತು. ಮೇಲೆ ನೆರಳು, ಪಕ್ಕಕ್ಕೆ ಒರಟು ಗೋಡೆ, ಮುಂದೆ ಹಾರಲು ಬಯಲು. ನಮ್ಮ ಹಳೇ ಕೊಟ್ಟಿಗೆ, ಕಣದ ಮನೆ, ಶೆಡ್ಡು ಯಾವುದೂ ಹಕ್ಕಿಗೆಂದು ಕಟ್ಟಿದ್ದಲ್ಲ. ಪೂರ್ತಿ ಮುಚ್ಚುವುದು ಗೊತ್ತಿರಲಿಲ್ಲ, ದುಡ್ಡೂ ಇರಲಿಲ್ಲ, ಸಂದಿ ಉಳಿಯಿತು. ಆ ಸಂದಿಯಲ್ಲಿ ಅವು ಬಾಳಿದವು. ಈಗ ನಮಗೆ ಪೂರ್ತಿ ಮುಚ್ಚುವುದು ಗೊತ್ತಾಗಿದೆ. ಹಕ್ಕಿಯನ್ನು ಓಡಿಸಬೇಕು ಅಂತ ಯಾರೂ ಮುಚ್ಚುತ್ತಿಲ್ಲ. ಆದರೂ ಅವು ಹೊರಗೆ ಉಳಿಯುತ್ತಿವೆ.

2017ರ ಜನವರಿಯಲ್ಲಿ ಊರಿನ ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ಶಟರ್ ಪೆಟ್ಟಿಗೆಯ ಪಕ್ಕದ ತಗಡು ಕತ್ತರಿಸಿ ಕಿಂಡಿ ಮಾಡಿಸಿದೆ. ಅಂಬರಗುಬ್ಬಿಗೆ ದೊಡ್ಡ ಬಾಗಿಲೇನೂ ಬೇಡ. ಎರಡಿಂಚು ಎತ್ತರ, ಮೂರಿಂಚು ಅಗಲ ಇದ್ದರೂ ರೆಕ್ಕೆ ಮಡಚಿ ಸರ್ರನೆ ತೂರುತ್ತದೆ. ಆದರೆ ನಮಗೆ ಮೊದಲಿದ್ದ ಸಂದಿಯೇ ಮನಸ್ಸಿನಲ್ಲಿತ್ತು, ಹಾಗಾಗಿ ಸ್ವಲ್ಪ ದೊಡ್ಡದೇ ಮಾಡಿಸಿದೆ. ಕಳ್ಳರ ಕೈ ಹೋಗದ ಹಾಗೆ ನಡುವೆ ಒಂದು ಕಂಬಿ. ಒಳಗೆ ಗೋಡೆಗೆ ಅರ್ಧ ತೆಂಗಿನ ಕರಟ ಹೊಡೆದು, ಅದಕ್ಕೆ ಸಗಣಿ ಮಣ್ಣು ಬಳಿದು ಒಂದು ಗೂಡಿನ ಆಕಾರ ಮಾಡಿದೆ. ಯೂರೋಪಿನಲ್ಲಿ ಹೀಗೆ ಮಾಡಿದ ಬಟ್ಟಲುಗಳನ್ನು ಮಾರುತ್ತಾರೆ. ಅಮೆರಿಕದಲ್ಲಿ ಪರ್ಪಲ್ ಮಾರ್ಟಿನ್ ಅಂತ ಇದೇ ಬಳಗದ ಒಂದು ದೊಡ್ಡ ಹಕ್ಕಿಗೆ ಅಲ್ಲಿನ ಮೂಲನಿವಾಸಿಗಳು ಒಣಗಿದ ಸೋರೆ ಬುರುಡೆ ನೇತುಹಾಕುತ್ತಿದ್ದರಂತೆ. ಇವತ್ತು ಆ ದೇಶದ ಪೂರ್ವ ಭಾಗದಲ್ಲಿ ಆ ಹಕ್ಕಿ ಹೆಚ್ಚುಕಮ್ಮಿ ಪೂರ್ತಿಯಾಗಿ ಜನ ಇಟ್ಟ ಬುರುಡೆ, ಪೆಟ್ಟಿಗೆಗಳನ್ನೇ ನಂಬಿಕೊಂಡಿದೆ. ಇದನ್ನು ತಿಳಿದ ಮೇಲೆ ನನ್ನ ಕರಟದ ಮೇಲೂ ನನಗೆ ತುಂಬಾ ನಂಬಿಕೆ ಬಂದಿತ್ತು.

ಹಕ್ಕಿ ಬಂತು. ಕಿಂಡಿಯಲ್ಲಿ ತೂರಿತು. ಅದನ್ನು ನೋಡಿದ ದಿನ ನಾನು ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದೆ. ಆದರೆ ಒಂದು ವಾರದಲ್ಲೇ ಹೋಯಿತು. ಕಾರಣ ಮಾರ್ಚ್ ಮಧ್ಯಾಹ್ನ ಒಂದು ಗಂಟೆಗೆ ನಾನೇ ಒಳಗೆ ನಿಂತಾಗ ಗೊತ್ತಾಯಿತು. ಶೀಟಿನ ಕೆಳಗೆ ಒಲೆಯ ಹಾಗೆ ಕಾಯುತ್ತಿತ್ತು. ಹೆಂಚಿನ ಕೆಳಗಿನ ತಂಪು ಬೇರೆ, ತಗಡಿನ ಕೆಳಗಿನ ಕಾವು ಬೇರೆ. ಕರಟದಲ್ಲಿ ಕಣಜ ಗೂಡು ಕಟ್ಟಿತ್ತು.

ಮುಂದಿನ ವರ್ಷಕ್ಕೆ ಶೀಟಿನ ಕೆಳಗೆ ಬಿದಿರಿನ ತಟ್ಟಿ ಹೊಡೆಸಿದೆ. ತಟ್ಟಿಗೂ ಶೀಟಿಗೂ ನಡುವೆ ಗಾಳಿ ಆಡಲು ಅರ್ಧ ಅಡಿ ಜಾಗ. ಶೀಟಿನ ಮೇಲೆ ಸುಣ್ಣ. ಒಳಗಿನ ಕಾವು ಎಷ್ಟೋ ಇಳಿಯಿತು. ಹಕ್ಕಿಗಳು ಮತ್ತೆ ಬಂದವು, ಈ ಸಲ ಕಟ್ಟಿಯೂ ಕಟ್ಟಿದವು. ಎಲ್ಲಿ ಅಂದರೆ ಬಣ್ಣ ಹೊಡೆದ ಕಬ್ಬಿಣದ ಆಂಗಲ್ ಮೇಲೆ. ಎನಾಮೆಲ್ ಬಣ್ಣ, ಗಾಜಿನ ಹಾಗೆ ನುಣುಪು. ಎಷ್ಟೋ ಉಂಡೆ ಬೀಳುತ್ತಿತ್ತು, ಆದರೂ ಹಟ ಬಿಡದೆ ಅರ್ಧ ಬಟ್ಟಲು ಎಬ್ಬಿಸಿದವು. ಒಂದು ಬೆಳಿಗ್ಗೆ ಶಟರ್ ಎತ್ತಿದಾಗ ಗೂಡು ಪೂರ್ತಿ ಕೆಳಗೆ. ಮಣ್ಣಿನ ತುಂಡುಗಳ ನಡುವೆ ಎರಡು ಮೊಟ್ಟೆ. ಬೆರಳಿನ ಉಗುರಿನಷ್ಟು. ಬಿಳಿಯ ಮೇಲೆ ಕಂದು ಚುಕ್ಕೆ, ದಪ್ಪ ತುದಿಯ ಕಡೆ ಚುಕ್ಕೆ ಜಾಸ್ತಿ. ಒಂದು ಒಡೆದಿತ್ತು. ಇನ್ನೊಂದು ಹೇಗೆ ಉಳಿಯಿತೋ, ನಾನು ಕೈಯಲ್ಲಿ ಹಿಡಿದಾಗ ತಣ್ಣಗಿತ್ತು. ಹಕ್ಕಿಗಳು ತಟ್ಟಿಯ ಅಂಚಿನಲ್ಲಿ ಕೂತು ಕೂಗುತ್ತಿದ್ದವು. ಆ ಬಣ್ಣ ಹೊಡೆಸಿದ್ದು ಕೂಡ ನಾನೇ ಅಲ್ವಾ ಅನ್ನೋದು ದಿನವಿಡೀ ಕೊರೆಯಿತು.

ಆಮೇಲೆ ಬಂದದ್ದು 2018ರ ಆಗಸ್ಟ್. ಕೊಡಗಿನವರಿಗೆ ಆ ತಿಂಗಳನ್ನು ವಿವರಿಸಬೇಕಾಗಿಲ್ಲ. ಗುಡ್ಡಗಳೇ ಕುಸಿದು ಬಂದ ಮಳೆ. ನಮ್ಮ ಮನೆಗೆ ಏನೂ ಆಗಲಿಲ್ಲ. ಕೆರೆ ಏರಿ ಒಂದು ಕಡೆ ಒಡೆದು ನೀರೆಲ್ಲ ಹೋಯಿತು, ಅಷ್ಟೇ. ಪಕ್ಕದ ಊರುಗಳಲ್ಲಿ ಮನೆ, ತೋಟ, ಜನರನ್ನೇ ಕಳೆದುಕೊಂಡವರ ಮುಂದೆ ಅದನ್ನು ನಷ್ಟ ಅಂತ ಹೇಳಲೂ ಬಾಯಿ ಬರುವುದಿಲ್ಲ. ಆದರೆ 2019ರ ಬೇಸಿಗೆಗೆ ಕೆರೆಯ ತಳ ಬಿರುಕು ಬಿಟ್ಟು ಒಣಗಿತ್ತು. ಕೊಳವೆಬಾವಿಯ ನೀರನ್ನು ಟ್ಯಾಂಕಿಗೆ ಏರಿಸಿ ಗಿಡ ಉಳಿಸಿಕೊಳ್ಳುವ ಕೆಲಸ. ಆಗ ಹೊಳೆಯಿತು, ಹಕ್ಕಿ ಬಂದರೆ ಅದಕ್ಕೆ ಮಣ್ಣು ಎಲ್ಲಿದೆ?

ಅಂಬರಗುಬ್ಬಿಯನ್ನು ಕರೆಯುವವರು ಮರೆಯುವುದು ಇದನ್ನೇ. ಜಾಗ ಕೊಟ್ಟರೆ ಸಾಲದು, ಹತ್ತಿರದಲ್ಲಿ ಕೆಸರು ಬೇಕು. ಇದರ ಹತ್ತಿರದ ನೆಂಟ, ಚಳಿಗಾಲದ ಆ ಕಪ್ಪುಪಟ್ಟಿಯ ಅಂಬರಗುಬ್ಬಿ, ಒಂದು ಗೂಡಿಗೆ ಸಾವಿರದಷ್ಟು ಉಂಡೆ ಮಣ್ಣು ಹೊರುತ್ತದೆ. ಒಂದು ಸಲಕ್ಕೆ ಒಂದೇ ಉಂಡೆ. ಕೆಸರು ಅರ್ಧ ಮೈಲಿ ದೂರ ಇದ್ದರೆ ಆ ಕೆಲಸ ಮುಗಿಯುವುದು ಯಾವಾಗ?

ಹಳೇ ಪ್ಲಾಸ್ಟಿಕ್ ಟಬ್ಬು ಅರ್ಧಕ್ಕೆ ಕತ್ತರಿಸಿ ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಯಲಿನಲ್ಲಿ ಇಟ್ಟೆ. ಪೊದೆಯ ಪಕ್ಕ ಇಡಬಾರದು, ಬೆಕ್ಕು ಹೊಂಚು ಹಾಕುತ್ತದೆ. ಒಳಗೆ ಹುತ್ತದ ಮಣ್ಣು. ಹುತ್ತದ ಮಣ್ಣಿನ ಅಂಟು ಬೇರೆ ಮಣ್ಣಿಗೆ ಬರುವುದಿಲ್ಲ, ಹಿಂದೆ ಗೋಡೆಗೆ, ಒಲೆಗೆ ಅದನ್ನೇ ತರುತ್ತಿದ್ದರು. ಪಾಳು ಬಿದ್ದ ಹುತ್ತದಿಂದ ಎರಡು ಬುಟ್ಟಿ ತಂದು, ಅದಕ್ಕೆ ಸ್ವಲ್ಪ ಒಣಹುಲ್ಲಿನ ಚೂರು ಉದುರಿಸಿ, ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ದೋಸೆ ಹಿಟ್ಟಿನ ಹಾಗೆ ತೆಳ್ಳಗಾದರೆ ಮುಟ್ಟುವುದಿಲ್ಲ. ಚಕ್ಕುಲಿ ಹಿಟ್ಟಿನ ಹದ ಇರಬೇಕು. ಈ ಹದ ಹೇಳಿಕೊಟ್ಟದ್ದು ಅಮ್ಮ, ಜಗಲಿಯಿಂದಲೇ.

ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರದಿಂದ ಒಂದು ಹಲಗೆ ಕೊಯ್ಸಿ, ಹತ್ತರಿ ಹೊಡೆಯದೆ ಒರಟಾಗಿಯೇ ಬಿಟ್ಟು, ತಟ್ಟಿಯಿಂದ ಅರ್ಧ ಅಡಿ ಕೆಳಗೆ ಗೋಡೆಗೆ ಅಡ್ಡ ಕೂರಿಸಿದೆ. ಬೆಕ್ಕು ಹಾರಿದರೂ ಸಿಗದ ಎತ್ತರ. ಕಬ್ಬಿಣಕ್ಕೆ ಅಂಟದ ಮಣ್ಣು ಇದಕ್ಕಾದರೂ ಅಂಟುತ್ತದೆ ಅಂತ.

ಆ ಶಿವರಾತ್ರಿಯ ಮರುದಿನ ಅವು ಬಂದವು. ಟಬ್ಬನ್ನು ಕಂಡುಕೊಳ್ಳಲು ಮೂರು ದಿನ ತೆಗೆದುಕೊಂಡವು. ನಾಲ್ಕನೆಯ ದಿನ ನಾನು ಕಾಫಿ ಗಿಡದ ಮರೆಯಲ್ಲಿ ಕೂತು ನೋಡಿದೆ. ಹಕ್ಕಿ ನೆಲಕ್ಕೆ ಇಳಿದಾಗ ಎಷ್ಟು ಚಿಕ್ಕದು ಅನ್ನೋದು ಗೊತ್ತಾಗುತ್ತದೆ. ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ರೆಕ್ಕೆ ಎರಡನ್ನೂ ಬೆನ್ನಿನ ಮೇಲೆ ಎತ್ತಿ ನಡುಗಿಸುತ್ತಾ ನಿಲ್ಲುತ್ತದೆ, ಸೀರೆ ನೆರಿಗೆ ಒದ್ದೆಯಾಗದಂತೆ ಎತ್ತಿ ಹಿಡಿದು ಹೊಳೆ ದಾಟುವವರ ಹಾಗೆ. ಕೊಕ್ಕಿನಿಂದ ಎರಡು ಮೂರು ಸಲ ಕುಕ್ಕಿ, ಬಾಯಿ ತುಂಬ ಕಡಲೆ ಗಾತ್ರದ ಉಂಡೆ ಮಾಡಿಕೊಂಡು ಎದ್ದಿತು. ಅದರ ಜೊತೆ ಒಂದು ಹುಲ್ಲಿನ ಎಳೆ ಮೀಸೆಯ ಹಾಗೆ ನೇತಾಡುತ್ತಿತ್ತು. ಕಿಂಡಿಯ ಹತ್ತಿರ ವೇಗ ಕಮ್ಮಿ ಮಾಡುತ್ತದೆ ಅಂದುಕೊಂಡಿದ್ದೆ. ಮಾಡಲಿಲ್ಲ. ಬಂದ ವೇಗದಲ್ಲೇ ಕಂಬಿಯ ಮೇಲಿಂದ ಒಳಗೆ.

ಒಳಗೆ ಹೋಗಿ ನೋಡಿದರೆ ನನ್ನ ಹಲಗೆ ಖಾಲಿ. ಅವು ಆರಿಸಿಕೊಂಡದ್ದು ನಡು ತೊಲೆಯ ಹಾಗಿದ್ದ ಆಂಗಲ್‌ಗೆ ಬಲ್ಬಿಗೆಂದು ಕೂರಿಸಿದ್ದ ಮರದ ಗುಂಡು ಬ್ಲಾಕನ್ನು. ಅಂಗೈ ಅಗಲದ ಮರ. ಅದರ ಮೇಲಂಚಿನಲ್ಲಿ ಆಗಲೇ ಎಂಟು ಹತ್ತು ಉಂಡೆ ಸಾಲಾಗಿ ಕೂತಿದ್ದವು. ಒಂದೊಂದು ಉಂಡೆ ಇಡುವಾಗಲೂ ಹಕ್ಕಿ ತಲೆಯನ್ನು ಗಡಗಡ ನಡುಗಿಸುತ್ತದೆ, ಮಣ್ಣು ಸಂದಿಗೆ ಇಳಿದು ಕೂರುವ ಹಾಗೆ. ಕಾಂಕ್ರೀಟ್ ಹಾಕುವಾಗ ವೈಬ್ರೇಟರ್ ಇಳಿಸುತ್ತಾರಲ್ಲ, ಥೇಟ್ ಹಾಗೇ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಾತ್ರ ಕೆಲಸ. ಆಮೇಲೆ ಒಣಗಲು ಬಿಟ್ಟು ಹುಳ ಹಿಡಿಯಲು ಹೋಗುತ್ತವೆ. ಹಸಿಯ ಮೇಲೆ ಹಸಿ ಏರಿಸಿದರೆ ಕುಸಿಯುತ್ತದೆ ಅನ್ನೋದು ಅವಕ್ಕೆ ಗೊತ್ತು.

ನಾನು ಬಲ್ಬು ಬಿಚ್ಚಿದೆ. ಆ ಹೋಲ್ಡರಿಗೆ ಹೋಗುವ ವಯರನ್ನು ಸ್ವಿಚ್ ಬೋರ್ಡಿನಲ್ಲೇ ಕತ್ತರಿಸಿ ಟೇಪು ಸುತ್ತಿದೆ. ಹೊಸ ಬಲ್ಬು ಬೇರೆ ಗೋಡೆಗೆ ಹೋಯಿತು.

ಬಟ್ಟಲು ಪೂರ್ತಿಯಾಗಲು ಹನ್ನೆರಡು ದಿನ. ಆಮೇಲೆ ಗರಿ. ಒಳಗೆ ಹಾಸಲು ಅವಕ್ಕೆ ಮೆತ್ತನೆಯ ಗರಿ ಬೇಕು. ಅಮ್ಮನ ನಾಟಿಕೋಳಿಯ ಗೂಡಿನಿಂದ ಒಂದು ಹಿಡಿ ಬಿಳಿ ಪುಕ್ಕ ತಂದು, ಗಾಳಿ ಬೀಸುವಾಗ ಶೆಡ್ಡಿನ ಮುಂದೆ ಒಂದೊಂದಾಗಿ ಹಾರಿಬಿಟ್ಟೆ. ಮೊದಲ ಎರಡು ನೆಲಕ್ಕೆ ಬಿದ್ದವು. ಮೂರನೆಯದು ಕೆಳಗಿಳಿಯುತ್ತಾ ಇನ್ನೇನು ಹುಲ್ಲಿಗೆ ತಾಗಬೇಕು, ನನ್ನ ಮೊಣಕಾಲಿನ ಪಕ್ಕದಲ್ಲೇ ಸುಯ್ಯೆಂದು ಬಂದು ಎತ್ತಿಕೊಂಡು ಹೋಯಿತು. ಅದರ ರೆಕ್ಕೆಯ ಗಾಳಿ ಕಾಲಿಗೆ ತಾಗಿತು. ನನಗೆ ಕಣ್ಣು ತುಂಬಿ ಬಂತು. ಮೂರು ಬೇಸಿಗೆ ಹೊರಗೆ ನಿಂತಿದ್ದ ಹಕ್ಕಿ ಅದು.

ಅದೇ ಹಕ್ಕಿನಾ, ಬೇರೆಯದಾ ಅಂತ ಅಪ್ಪ ಕೇಳಿದರು. ಹೇಗೆ ಹೇಳುವುದು? ಕಾಲಿಗೆ ಉಂಗುರ ತೊಡಿಸಿದ್ದರೆ ಮಾತ್ರ ಗೊತ್ತಾಗುತ್ತದೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಜಾನ್ ಮೇಸ್‌ಫೀಲ್ಡ್ ಎಂಬ ವಕೀಲರು 1911ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲಿ ಗೂಡು ಕಟ್ಟಿದ್ದ ಅಂಬರಗುಬ್ಬಿಗೆ ಉಂಗುರ ಹಾಕಿದ್ದರು. 1912ರ ಡಿಸೆಂಬರ್‌ನಲ್ಲಿ ಅದು ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಸಿಕ್ಕಿತು. ಚಳಿಗಾಲದಲ್ಲಿ ಈ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬ ಹಳೇ ಪ್ರಶ್ನೆಗೆ ಒಂದು ಮನೆಯ ಸೂರಿನಿಂದ ಉತ್ತರ ಸಿಕ್ಕಿತ್ತು. ನಮ್ಮದು ಅಷ್ಟು ದೂರ ಹೋಗುವ ಹಕ್ಕಿಯಲ್ಲ. ಮಳೆಗಾಲದಲ್ಲಿ ಎಲ್ಲೋ ಮರೆಯಾಗುತ್ತದೆ, ಬಿಸಿಲು ಬಿದ್ದರೆ ಗದ್ದೆ ಮೇಲೆ ಕಾಣುತ್ತದೆ. ಅದೇ ಜೋಡಿ ಅಂತ ನಂಬಲು ನನಗೆ ಇಷ್ಟ. ಶಟರಿನ ಮುಂದೆ ಸರಿಯಾಗಿ ಅದೇ ಎತ್ತರದಲ್ಲಿ ನಿಂತದ್ದನ್ನು ನೋಡಿದವನು ನಾನು.

ಆ ವರ್ಷ ಮೂರು ಮರಿ. ಕೊಳವೆಬಾವಿಯ ಮೋಟರಿಗೆ ಸ್ಟಾರ್ಟರ್ ಇದ್ದದ್ದು ಅದೇ ಶೆಡ್ಡಿನಲ್ಲಿ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ, ಶಟರ್ ಸದ್ದಾಗದ ಹಾಗೆ ಗ್ರೀಸ್ ಹಚ್ಚಿ, ಬೆಳಕು ನೆಲಕ್ಕೇ ಹಿಡಿದು ಹೋಗುತ್ತಿದ್ದೆ. ಒಂದು ರಾತ್ರಿ ಸುಮ್ನೆ ಒಮ್ಮೆ ಮೇಲೆ ನೋಡಿದೆ. ಒಂದು ಹಕ್ಕಿ ಗೂಡಿನಲ್ಲಿ ಮರಿಗಳ ಮೇಲೆ. ಇನ್ನೊಂದು ನನ್ನ ಸಿಲ್ವರ್ ಓಕ್ ಹಲಗೆಯ ತುದಿಯಲ್ಲಿ, ಗುಂಡಗೆ ಉಂಡೆಯಾಗಿ, ತಲೆ ರೆಕ್ಕೆಯೊಳಗೆ ಹುದುಗಿಸಿ ಮಲಗಿತ್ತು. ಅಂದಿನಿಂದ ಇಂದಿನವರೆಗೂ ಆ ಹಲಗೆಯಲ್ಲಿ ಗೂಡು ಕಟ್ಟಿಲ್ಲ. ಮಲಗುವುದಕ್ಕೆ ಮಾತ್ರ.

ಹಿಕ್ಕೆ ಬೀಳುತ್ತದೆ, ಹೌದು. ಜನ ಗೂಡು ಕೀಳುವುದು ಅದಕ್ಕೇ ಜಾಸ್ತಿ. ಗೂಡಿನ ಎರಡಡಿ ಕೆಳಗೆ ಒಂದು ರಟ್ಟು ಅಥವಾ ತಗಡು ಅಡ್ಡ ಕಟ್ಟಿದರೆ ಮುಗಿಯಿತು. ಜಪಾನಿನಲ್ಲಿ ಅಂಗಡಿ ಬಾಗಿಲು, ರೈಲು ನಿಲ್ದಾಣಗಳಲ್ಲಿ ಗೂಡು ಕಟ್ಟಿದರೆ ಕೆಳಗೆ ಹಲಗೆಯನ್ನೋ ಛತ್ರಿಯನ್ನೋ ಕಟ್ಟಿ ಬಿಡುತ್ತಾರೆ, ಗಿರಾಕಿಗಳು ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ನಾನು ಕಾಫಿ ಒಣಗಿಸುವ ಹಳೇ ಟಾರ್ಪಾಲಿನ ತುಂಡು ಕಟ್ಟಿದ್ದೇನೆ. ಮರಿ ಹಾರಿದ ಮೇಲೆ ಬಿಚ್ಚಿ ಒದರಿದರೆ ಅದರಲ್ಲಿ ನೊಣದ ರೆಕ್ಕೆ, ಹಾರುವ ಇರುವೆಯ ತಲೆ, ಮಳೆಹುಳದ ಪೊರೆ ಎಲ್ಲ ಉದುರುತ್ತದೆ. ದಿನಕ್ಕೆ ಅದೆಷ್ಟು ಹಿಡಿಯುತ್ತವೋ. ಸ್ಟಾರ್ಟರಿನ ಮೇಲೆ ಒಂದು ಹನಿ ಬಿದ್ದಿಲ್ಲ. ಗೂಡನ್ನು ಮಾತ್ರ ನಾವು ಮುಟ್ಟುವುದಿಲ್ಲ. ಹಳೇ ಬಟ್ಟಲು ಉಳಿದಿದ್ದರೆ ಮುಂದಿನ ವರ್ಷ ಅಂಚು ಕಟ್ಟಿದರೆ ಸಾಕು, ಅರ್ಧ ಕೆಲಸ ಉಳಿಯುತ್ತದೆ.

ಬಯಲುಸೀಮೆಯ ಗೆಳೆಯರು ಕೆಲವರು ನಮ್ಮಲ್ಲೂ ಹೀಗೆ ಮಾಡಬಹುದಾ ಅಂತ ಕೇಳುತ್ತಾರೆ. ನಿಮ್ಮಲ್ಲಿ ಬೇರೆ ಅಂಬರಗುಬ್ಬಿಗಳಿವೆ. ಸೊಂಟದ ಹತ್ತಿರ ಕೆಂಪಗಿರುವುದು ಒಂದಿದೆ. ಅದು ತಾರಸಿಯ ಅಡಿಗೆ, ಮೋರಿಯೊಳಗೆ ಮಲಗಿಸಿದ ಹೂಜಿಯ ಹಾಗೆ ಮುಚ್ಚಿದ ಗೂಡು ಕಟ್ಟುತ್ತದೆ, ಒಳಗೆ ಹೋಗಲು ಕೊಳವೆಯಂಥ ದಾರಿ. ಬಾಲದಲ್ಲಿ ತಂತಿಯಂಥ ಎರಡು ಎಳೆ, ನೆತ್ತಿ ಕಂದುಗೆಂಪು ಇದ್ದರೆ ಅದು ತಂತಿಬಾಲದ್ದು, ನೀರಿನ ಪಕ್ಕದ ಸೇತುವೆ ಅಂದರೆ ಅದಕ್ಕೆ ಪ್ರಾಣ. ರಂಗನತಿಟ್ಟಿನಲ್ಲಿ ಗಂಟಲ ಮೇಲೆ ಗೀರುಗಳಿರುವ ಜಾತಿಯೊಂದು ಗುಂಪಾಗಿ ಇರುತ್ತದೆ, ಗೂಡಿಗೆ ಗೂಡು ಅಂಟಿಸಿ ಕಟ್ಟುವ ಹಕ್ಕಿ ಅದು. ಕೋಟೆ, ದೇವಸ್ಥಾನದ ಗೋಪುರಗಳ ಎತ್ತರದಲ್ಲಿ ಹಾರುವ ಹೊಗೆಬಣ್ಣದ್ದು ಇನ್ನೊಂದು. ಪೇಟೆಯ ಪೋರ್ಟಿಕೋದಲ್ಲಿ ಹುಲ್ಲು ಗರಿಗಳನ್ನು ಜೊಲ್ಲಿನಲ್ಲಿ ಅಂಟಿಸಿ ಗುಡ್ಡೆ ಮಾಡಿದ ಗೂಡು ಕಂಡರೆ ಅದು ಅಂಬರಗುಬ್ಬಿ ಅಲ್ಲ, ಬಾನಾಡಿ, ಇಂಗ್ಲಿಷಿನ ಸ್ವಿಫ್ಟ್. ಬಾನಾಡಿ ತಂತಿಯ ಮೇಲೆ ಎಂದೂ ಕೂರುವುದಿಲ್ಲ, ಅದರ ಕಾಲಿಗೆ ಅದು ಆಗುವುದಿಲ್ಲ. ತಂತಿಯ ಮೇಲೆ ಕೂತಿದ್ದರೆ ಅಂಬರಗುಬ್ಬಿ. ಇವುಗಳಲ್ಲಿ ಯಾವುದು ನಿಮ್ಮ ಸುತ್ತ ಇದೆ ಅಂತ ಒಂದು ವರ್ಷ ಸುಮ್ನೆ ನೋಡಿ. ಅದು ಎಲ್ಲಿ ಸುತ್ತುತ್ತದೆ, ಯಾವ ಗೋಡೆಗೆ ಅಂಟಿಕೊಳ್ಳಲು ನೋಡುತ್ತದೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನೋದು ಹಕ್ಕಿಯೇ ಹೇಳುತ್ತದೆ. ಗೂಡು ನಾವು ಮಾಡಿಕೊಡಬೇಕಾಗಿಲ್ಲ ಅನ್ನೋದು ನನ್ನ ಅನುಭವ. ಕರಟ, ಹಲಗೆ ಯಾವುದೂ ಅವಕ್ಕೆ ಬೇಕಾಗಲಿಲ್ಲ. ಬೇಕಾದದ್ದು ದಾರಿ, ತಂಪು, ಕೆಸರು.

ಹಾವಿನ ವಿಷಯ ಒಂದು ಹೇಳಬೇಕು. 2022ರಲ್ಲಿ ಕೇರೆ ಹಾವೊಂದು ಗೋಡೆ ಮೂಲೆಯ ಪೈಪು ಹಿಡಿದು ಮೇಲೆ ಹತ್ತಿ ಮರಿಗಳನ್ನು ತಿಂದಿತು. ಕೇರೆಯನ್ನು ನಾವು ಹೊಡೆಯುವುದಿಲ್ಲ, ತೋಟದ ಇಲಿಗಳನ್ನು ತಿನ್ನುವುದು ಅದೇ. ಆ ಪೈಪಿಗೆ ನುಣುಪು ತಗಡು ಸುತ್ತಿಸಿದೆ. ಜೋಡಿ ಆ ವರ್ಷ ಮತ್ತೆ ಮೊಟ್ಟೆ ಇಟ್ಟಿತು, ಹೂಮಳೆಯೆಲ್ಲ ಮುಗಿದು ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಎರಡು ಮರಿ ಹಾರಿದವು.

ಕೆರೆ ಏರಿ ಕಟ್ಟಿಸಿ ಈಗ ನೀರು ನಿಂತಿದೆ. ಟಬ್ಬು ಬೇಕಾಗಿಲ್ಲ, ಆದರೂ ಇಡುತ್ತೇನೆ. ಅಪ್ಪನಿಗೆ ಮಂಡಿ ನೋವು, ಕೆರೆಯವರೆಗೆ ಇಳಿಯಲು ಆಗುವುದಿಲ್ಲ. ಹೋದ ವರ್ಷ ಮರಿಗಳು ಕಿಂಡಿಯ ಕಂಬಿಯ ಮೇಲೆ ಸಾಲಾಗಿ ಕೂತಿದ್ದಾಗ ವಿಡಿಯೋ ಮಾಡಿ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದರಲ್ಲಿ ಮೂರಿವೆ. ಇನ್ನೊಂದು ಒಳಗೆ ಇರಬೇಕು, ಕೂಗೋದು ಕೇಳಿಸ್ತಿದೆ" ಅಂದರು. ನನಗೆ ಕೇಳಿಸಿರಲಿಲ್ಲ. ಸಂಜೆ ಹೋಗಿ ನೋಡಿದರೆ ಬಟ್ಟಲಿನಲ್ಲಿ ನಾಲ್ಕನೆಯದು ಇನ್ನೂ ಕೂತಿತ್ತು, ಬಾಯಂಚು ಹಳದಿ, ತಲೆಯ ಮೇಲೆ ಎರಡು ತುಪ್ಪುಳ ಎದ್ದು ನಿಂತಿದ್ದವು.

ಇದನ್ನು ಬರೆಯುವಾಗ ರೊಬಸ್ಟಾ ಕೊಯ್ಲು ಅರ್ಧ ಆಗಿದೆ. ಇವತ್ತು ಬೆಳಿಗ್ಗೆ ಕಣದ ಮೇಲಿನ ತಂತಿಯಲ್ಲಿ ಎರಡು ಕೂತಿದ್ದವು, ಗಂಟಲಿನ ಕೆಳಗೆ ಪಟ್ಟಿ ಇರಲಿಲ್ಲ. ಮಳೆಗಾಲದಿಂದ ಈಚೆಗೆ ಶೆಡ್ಡಿನ ಕಡೆ ನಾನು ಸರಿಯಾಗಿ ನೋಡಿಲ್ಲ. ಕಿಂಡಿಗೆ ಜೇಡರ ಬಲೆ ದಪ್ಪಗೆ ಕಟ್ಟಿದೆ ಅಂತ ಪಂಪ್ ನೋಡಿಕೊಳ್ಳುವ ಹುಡುಗ ಹೇಳಿದ. ನಾಳೆ ಕಾಫಿ ತೂಕ ಹಾಕುವ ಮೊದಲು ಹೋಗಿ ಅದನ್ನು ತೆಗೆಯಬೇಕು. ಎರಡು ಬುಟ್ಟಿ ಹುತ್ತದ ಮಣ್ಣೂ ತರಬೇಕು.